ಮೊಬೈಲು ನುಡಿಯುವ ತೂಕದ ಭವಿಷ್ಯ: ಎಷ್ಟು ನಂಬಬಹುದು?

ಸಂಜೆ ಕಚೇರಿ ಮುಗಿಸಿ ನಮ್ಮ ವಾಚನಾಲಯಕ್ಕೆ ಬಂದು ಊರ ಕಡೆಯ ಪತ್ರಿಕೆಗಳನ್ನು ಓದಿಹೋಗುವ ಗೆಳೆಯರೊಬ್ಬರು ಕೆಲವು ತಿಂಗಳ ಹಿಂದೆ ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು ನಮಗೆ ಒಂದು ಸಾಲನ್ನು ತೋರಿಸಿದರು. ಅವರು ವಿಜಯಪುರದ ಕಡೆಯವರು. ಇಲ್ಲೇ ವಿಮಾನ ನಗರದ ಒಂದು ಕಚೇರಿಯಲ್ಲಿ ಗುಮಾಸ್ತರು. ವಯಸ್ಸು 35, ಎತ್ತರ 168 ಸೆಂಟಿಮೀಟರು, ತೂಕ 78 ಕಿಲೋ. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆಯೆಂದೂ, ಊಟವನ್ನು ಹಿಡಿತದಲ್ಲಿಟ್ಟು ದಿನವೂ ನಡೆಯಬೇಕೆಂದೂ ವೈದ್ಯರು ಅವರಿಗೆ ಹೇಳಿದ್ದರು. ಅವರು ತಿಂದುದನ್ನೆಲ್ಲ ಮೊಬೈಲಿನ ಒಂದು ಆ್ಯಪಿನಲ್ಲಿ ಬರೆದಿಡತೊಡಗಿದರು. ಆ ದಿನದ ಲೆಕ್ಕ ಮುಗಿಸುತ್ತಲೇ ಅದು ಹೇಳಿತ್ತು: ಪ್ರತಿದಿನವೂ ಇಂದಿನಂತೆಯೇ ಇದ್ದರೆ ಐದು ವಾರಗಳಲ್ಲಿ ನಿಮ್ಮ ತೂಕ 75.7 ಕಿಲೋ ಆಗುತ್ತದೆ.

“ನೋಡ್ರಿ, ಐದು ವಾರದಾಗ ಎರಡೂಕಾಲು ಕಿಲೋ ಇಳೀತೈತಿ ಅಂತ ಇದೇ ಹೇಳೈತಿ” ಎಂದು ಅವರು ಹಿಗ್ಗಿನಿಂದ ನುಡಿದರು.

ಐದು ವಾರಗಳ ಮೇಲೆ ತಕ್ಕಡಿ ತೋರಿಸಿದ್ದು 77.3 ಕಿಲೋ. ಇಳಿದದ್ದು ಎರಡೂಕಾಲು ಕಿಲೋ ಅಲ್ಲ, 700 ಗ್ರಾಂ. ಗೆಳೆಯರು ಬೇಸತ್ತು ಬರೆಯುವುದನ್ನು ಬಿಟ್ಟರು. ಅದರೊಂದಿಗೆ ದತ್ತ ಮಂದಿರ ಚೌಕದವರೆಗಿನ ಸಂಜೆಯ ನಡಿಗೆಯನ್ನೂ ಬಿಟ್ಟರು. “ನನ್ನ ಮೈಯೇ ಸರಿಯಿಲ್ಲ, ಮಾಡಿ ಏನು ಉಪಯೋಗ?” ಎಂಬುದು ಅವರ ಮಾತು. ನಮಗೆ ಈ ಲೇಖನವನ್ನು ಬರೆಯಬೇಕೆನಿಸಿದ್ದು ಆಗಲೇ. ತಪ್ಪಿದ್ದು ಅವರ ಮೈಯಲ್ಲ, ಮುಂದಿನ ತೂಕವನ್ನು ಹೇಳಿದ ಲೆಕ್ಕ. ಲೆಕ್ಕ ತಪ್ಪಿತೆಂದು ಒಳ್ಳೆಯ ಅಭ್ಯಾಸವನ್ನೇ ಕೈಬಿಡುವುದು ಎಷ್ಟು ದೊಡ್ಡ ನಷ್ಟವೆಂಬುದನ್ನು ಮುಂದೆ ತೋರಿಸುತ್ತೇವೆ.

ಇಂಥ ಆ್ಯಪ್‌ಗಳು ಹಲವಿವೆ. ಅಮೆರಿಕದಲ್ಲಿ 2005ರಲ್ಲಿ ಹುಟ್ಟಿದ ಮೈಫಿಟ್‌ನೆಸ್‌ಪಾಲ್, ನಮ್ಮ ಬೆಂಗಳೂರಿನಲ್ಲೇ 2012ರಲ್ಲಿ ಹುಟ್ಟಿದ ಹೆಲ್ತಿಫೈಮಿ, ಇವು ಬಹಳ ಮಂದಿ ಬಲ್ಲ ಹೆಸರುಗಳು. ಗೆಳೆಯರ ಮೊಬೈಲಿನಲ್ಲಿದ್ದುದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಯಾವ ಆ್ಯಪೇ ಆಗಲಿ, ಮುಂದಿನ ತೂಕವನ್ನು ಹೇಳಬೇಕಾದರೆ ಒಂದೇ ಬಗೆಯ ಅಂಕಿಗಳನ್ನು ಆಧರಿಸಬೇಕು.

ಭವಿಷ್ಯದ ಹಿಂದಿನ ಲೆಕ್ಕ

ಜಮಾಖರ್ಚಿನ ಪುಸ್ತಕವನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ತಿಂದ ಆಹಾರ ಜಮೆ. ಉಸಿರಾಟ, ಹೃದಯದ ಬಡಿತ, ಮೈಯ ಬಿಸಿ, ನಡೆ, ದುಡಿಮೆ ಇವೆಲ್ಲ ಖರ್ಚು. ಎರಡನ್ನೂ ಅಳೆಯುವ ನಾಣ್ಯಕ್ಕೆ ಕ್ಯಾಲೊರಿ ಎಂದು ಹೆಸರು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ನಾವು ಹೇಳುವ ಒಂದು ಕ್ಯಾಲೊರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆಟ್‌ವಾಟರ್ ಮಾಡಿದ ಪ್ರಯೋಗಗಳಿಂದ ಇಂದಿಗೂ ಬಳಕೆಯಲ್ಲಿರುವ ಅಂಕಿಗಳು ಬಂದವು: ಒಂದು ಗ್ರಾಂ ಹಿಟ್ಟು ಸಕ್ಕರೆಗಳಲ್ಲಿ 4, ಒಂದು ಗ್ರಾಂ ಪ್ರೋಟೀನಿನಲ್ಲಿ 4, ಒಂದು ಗ್ರಾಂ ಎಣ್ಣೆ ತುಪ್ಪಗಳಲ್ಲಿ 9 ಕ್ಯಾಲೊರಿ.

ಜಮೆಗಿಂತ ಖರ್ಚು ಹೆಚ್ಚಾದರೆ ದೇಹವು ಕೂಡಿಟ್ಟ ಕೊಬ್ಬಿನಿಂದ ಕೊರತೆ ತುಂಬಿಸಿಕೊಳ್ಳುತ್ತದೆ. ಎಷ್ಟು ಕೊರತೆಗೆ ಎಷ್ಟು ತೂಕ? 1958ರಲ್ಲಿ ನ್ಯೂಯಾರ್ಕಿನ ವೈದ್ಯ ಮ್ಯಾಕ್ಸ್ ವಿಶ್ನಾಫ್‌ಸ್ಕಿ ಒಂದು ಪೌಂಡಿಗೆ 3500 ಕ್ಯಾಲೊರಿ ಎಂದು ಲೆಕ್ಕಹಾಕಿದರು. ಕಿಲೋ ಲೆಕ್ಕದಲ್ಲಿ ಅದು ಸುಮಾರು 7700. ನಮ್ಮ ಗೆಳೆಯರ ಮೊಬೈಲು ಮಾಡಿದ್ದು ಇಷ್ಟೆ: ದಿನದ ಖರ್ಚು 2000, ಇಂದು ತಿಂದದ್ದು 1500, ಕೊರತೆ 500, 35 ದಿನಕ್ಕೆ 17,500, ಅದನ್ನು 7700ರಿಂದ ಭಾಗಿಸಿದರೆ 2.3 ಕಿಲೋ. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಪುಸ್ತಕಕ್ಕೆ ಏರಿಸಿದ ಅಂಕಿಗಳೇ ಅಂದಾಜಾಗಿದ್ದರೆ, ಕೂಡಿ ಕಳೆದು ತೆಗೆದ ಬಾಕಿಯು ದಶಮಾಂಶದವರೆಗೆ ಇದ್ದರೂ ಅಂದಾಜೇ. 75.7ರಲ್ಲಿರುವ ಆ ಕೊನೆಯ ಏಳು ನಮ್ಮಲ್ಲಿ ಇಲ್ಲದ ವಿಶ್ವಾಸವನ್ನು ಹುಟ್ಟಿಸುತ್ತದೆ.

ಖರ್ಚಿನ ಅಂಕಿ

ಮಲಗಿ ಸುಮ್ಮನಿದ್ದರೂ ದೇಹ ಮಾಡುವ ಖರ್ಚನ್ನು ಮೂಲ ಖರ್ಚು ಎನ್ನೋಣ. ಅದನ್ನು ನಿಜವಾಗಿ ಅಳೆಯಬೇಕಾದರೆ ಉಸಿರಿನಲ್ಲಿ ಎಷ್ಟು ಆಮ್ಲಜನಕ ವ್ಯಯವಾಯಿತೆಂದು ಪ್ರಯೋಗಶಾಲೆಯಲ್ಲಿ ನೋಡಬೇಕು. ಮೊಬೈಲಿಗೆ ಅದು ಸಾಧ್ಯವಿಲ್ಲ. ಅದು ತೂಕ, ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಕೇಳಿ ಒಂದು ಸೂತ್ರಕ್ಕೆ ಹಾಕುತ್ತದೆ. 1919ರ ಹ್ಯಾರಿಸ್ ಮತ್ತು ಬೆನೆಡಿಕ್ಟರ ಸೂತ್ರ, 1990ರ ಮಿಫ್ಲಿನ್ ಮತ್ತು ಸೇಂಟ್ ಜಿಯೋರರ ಸೂತ್ರ, ಇವೆರಡೂ ಅಮೆರಿಕದ ಜನರನ್ನು ಅಳೆದು ಮಾಡಿದವು. ಎರಡನೆಯದರ ಪ್ರಕಾರ ಗೆಳೆಯರ ಮೂಲ ಖರ್ಚು ದಿನಕ್ಕೆ 1660.

ಇದರ ಮೇಲೆ ದುಡಿಮೆಯ ಗುಣಕ ಬರುತ್ತದೆ. ‘ಕುಳಿತು ಮಾಡುವ ಕೆಲಸ’ ಎಂಬುದರ ಮುಂದೆ ಗುರುತು ಹಾಕಿದರೆ 1.2ರಿಂದ ಗುಣಿಸುವುದು ವಾಡಿಕೆ. 1990 ಕ್ಯಾಲೊರಿ ಆಗುತ್ತದೆ. ‘ಸ್ವಲ್ಪ ಓಡಾಟ’ ಎಂದರೆ 1.375, ಆಗ 2280. ಬಸ್ಸಿಗೆ ನಡೆದು ಹೋಗಿ, ಮೂರು ಮಹಡಿ ಹತ್ತಿ, ಮಿಕ್ಕ ಎಂಟು ಗಂಟೆ ಕುರ್ಚಿಯಲ್ಲಿ ಕೂರುವ ಗುಮಾಸ್ತರು ಯಾವ ಗುರುತು ಹಾಕಬೇಕು? ಈ ಒಂದು ಗುರುತಿನಿಂದಲೇ ದಿನಕ್ಕೆ 290 ಕ್ಯಾಲೊರಿ, ಐದು ವಾರಕ್ಕೆ 1.3 ಕಿಲೋ ವ್ಯತ್ಯಾಸ. ಭವಿಷ್ಯ ನುಡಿದ ಇಳಿತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಬೆರಳಿನ ಒತ್ತುವಿಕೆಯಲ್ಲಿ ಬಂದು ಹೋಗಬಹುದು.

ಸೂತ್ರವು ನಮ್ಮವರಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಎತ್ತಿ ಅಳೆದು ನೋಡಿದವರಲ್ಲಿ ಬೆಂಗಳೂರಿನವರೂ ಇದ್ದಾರೆಂಬುದು ನಮಗೆ ಸಂತೋಷದ ಸಂಗತಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮತ್ತು ಸಂಗಡಿಗರು ಭಾರತೀಯರ ಮೂಲ ಖರ್ಚನ್ನು ಅಳೆದು 1993ರಲ್ಲಿ ನಮ್ಮ ಗಂಡಸರಿಗೆಂದೇ ಸೂತ್ರಗಳನ್ನು ಪ್ರಕಟಿಸಿದರು. ಹೊರಗಿನ ಸೂತ್ರ ನಮ್ಮವರಿಗೆ ಹೆಚ್ಚಿನ ಅಂಕಿಯನ್ನೇ ಕೊಡುತ್ತದೆಂಬ ಕಾರಣದಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ 2010ರ ತನ್ನ ಶಿಫಾರಸಿನಲ್ಲಿ ಅಂತರರಾಷ್ಟ್ರೀಯ ಸೂತ್ರದ ಉತ್ತರದಿಂದ ನೂರಕ್ಕೆ 5 ಭಾಗವನ್ನು ಕಳೆದುಕೊಂಡಿತು. ನೂರಕ್ಕೆ ಐದೆಂದರೆ ಅಲ್ಪವಲ್ಲ. ನಮ್ಮ ಗೆಳೆಯರ ಲೆಕ್ಕದಲ್ಲಿ ಅದು ದಿನಕ್ಕೆ 100 ಕ್ಯಾಲೊರಿ, ಐದು ವಾರಕ್ಕೆ ಸುಮಾರು 450 ಗ್ರಾಂ.

ಹೀಗೇಕೆ? ಇದಕ್ಕೆ ಉತ್ತರ ನಾವಿರುವ ಪುಣೆಯಲ್ಲೇ ಇದೆ. 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯು ಇಬ್ಬರು ವೈದ್ಯರು ಜೊತೆಯಲ್ಲಿರುವ ಒಂದು ಚಿತ್ರವನ್ನು ಅಚ್ಚುಹಾಕಿತು: ಒಬ್ಬರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ನೋಡಿದವರಿಗೆ ಇಬ್ಬರೂ ತೆಳ್ಳಗೇ. ಆದರೆ ಒಳಗೆ ಅಳೆದು ನೋಡಿದರೆ ಲಂಡನ್ನಿನವರ ದೇಹದಲ್ಲಿ ಕೊಬ್ಬು ನೂರಕ್ಕೆ 9.1 ಭಾಗ, ಪುಣೆಯವರಲ್ಲಿ 21.2 ಭಾಗ. ತೆಳ್ಳಗೆ ಕಂಡರೂ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು ಎಂಬ ಈ ದೇಹಪ್ರಕೃತಿ ನಮ್ಮ ದೇಶದಲ್ಲಿ ಸಾಮಾನ್ಯ. ಮಾಂಸಖಂಡ ಮತ್ತು ಒಳ ಅಂಗಾಂಗಗಳು ಹೆಚ್ಚು ಖರ್ಚು ಮಾಡುತ್ತವೆ. ಕೊಬ್ಬು ಬಹು ಕಡಿಮೆ ಖರ್ಚು ಮಾಡುತ್ತದೆ. ಮೊಬೈಲಿಗೆ 78 ಕಿಲೋ ಎಂದು ಗೊತ್ತೇ ಹೊರತು, ಅದರಲ್ಲಿ ಮಾಂಸವೆಷ್ಟು ಕೊಬ್ಬೆಷ್ಟು ಎಂದು ಗೊತ್ತಿಲ್ಲ.

ಕೈಗಡಿಯಾರದಂತೆ ಕಟ್ಟಿಕೊಳ್ಳುವ ಪಟ್ಟಿಗಳು ಈ ಕೊರತೆಯನ್ನು ತುಂಬುತ್ತವೆಯೇ? 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಗೆ 7 ಬಗೆಯ ಪಟ್ಟಿಗಳನ್ನು ಕಟ್ಟಿ ಪರೀಕ್ಷಿಸಿದರು. ಹೃದಯದ ಬಡಿತವನ್ನು ಅವು ಬಹುಮಟ್ಟಿಗೆ ಸರಿಯಾಗಿಯೇ ಎಣಿಸಿದವು. ಕ್ಯಾಲೊರಿಯ ಖರ್ಚಿನಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯ ಪಟ್ಟಿಯ ಸರಾಸರಿ ತಪ್ಪೇ ನೂರಕ್ಕೆ 27; ಎಲ್ಲಕ್ಕಿಂತ ಕೆಟ್ಟದರದು 93. ಆದುದರಿಂದ ‘ಇಂದು ನಡೆದು 300 ಕ್ಯಾಲೊರಿ ಕಳೆದಿರಿ’ ಎಂದು ಕೈಪಟ್ಟಿ ಹೇಳಿತೆಂದು ಅದಕ್ಕೆ ಸರಿಯಾಗಿ ಒಂದು ವಡಾಪಾವನ್ನು ಹೆಚ್ಚು ತಿನ್ನುವುದು ಜಾಣತನವಲ್ಲ.

ಜಮೆಯ ಅಂಕಿ

ಇನ್ನು ತಿಂದದ್ದರ ಲೆಕ್ಕ. ನಮ್ಮ ದೇಶದ ಆಹಾರಗಳ ಅಂಕಿಗಳಿಗೆ ದೊಡ್ಡ ಪರಂಪರೆಯೇ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಅವರು ಆರಂಭಿಸಿದ ಸಣ್ಣ ಪ್ರಯೋಗಶಾಲೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. 2017ರಲ್ಲಿ ಅವರು ದೇಶದ ಆರು ಪ್ರಾಂತಗಳಿಂದ ಮಾದರಿ ತರಿಸಿ 528 ಆಹಾರಗಳ ಪಟ್ಟಿಯನ್ನು ಪ್ರಕಟಿಸಿದರು. ಆದರೆ ಆ ಪಟ್ಟಿಯಲ್ಲಿರುವುದು ಬಹುತೇಕ ಕಾಳು, ಹಿಟ್ಟು, ತರಕಾರಿ; ನಾವು ತಿನ್ನುವುದು ಖಾನಾವಳಿಯ ಪಲ್ಯ.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ನೂರು ಗ್ರಾಂ ಜೋಳದಲ್ಲಿ ಸುಮಾರು 335 ಕ್ಯಾಲೊರಿ. ಆ್ಯಪಿನಲ್ಲಿ ‘ಒಂದು ರೊಟ್ಟಿ’ ಎಂದು ಬರೆಯುತ್ತೇವೆ. ಆದರೆ ರೊಟ್ಟಿಗೆ ಒಂದೇ ಅಳತೆಯುಂಟೇ? 40 ಗ್ರಾಂ ಹಿಟ್ಟಿನ ತೆಳು ರೊಟ್ಟಿಯಲ್ಲಿ 135 ಕ್ಯಾಲೊರಿ. 70 ಗ್ರಾಂ ಹಿಟ್ಟಿನ ದಪ್ಪ ಭಾಕರಿಯಲ್ಲಿ 235. ಮೂರು ರೊಟ್ಟಿ ಉಂಡರೆ ಅಲ್ಲಿಗೇ 300ರ ಅಂತರ. ಪಲ್ಯದ ಮೇಲೆ ತೇಲುವ ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ: ಒಂದು ಚಹಾ ಚಮಚ, ಅಂದರೆ 5 ಗ್ರಾಂ ಎಣ್ಣೆಗೆ 45 ಕ್ಯಾಲೊರಿ. ಡಬ್ಬಿ ಕಳಿಸುವ ಮನೆಯವರು ಬದನೆಕಾಯಿಗೆ ಎಷ್ಟು ಚಮಚ ಹಾಕಿದರೆಂದು ಉಣ್ಣುವವರಿಗೆ ಹೇಗೆ ತಿಳಿಯಬೇಕು? ಊರಿನಿಂದ ಬಂದ ಶೇಂಗಾ ಹಿಂಡಿಯನ್ನು ‘ಚಟ್ನಿ’ ಎಂದಷ್ಟೇ ಬರೆದರೆ ಮೊಬೈಲು ಅದನ್ನು ಕೊತ್ತಂಬರಿ ಚಟ್ನಿಯೆಂದು ತಿಳಿಯಬಹುದು. ನಿಜಕ್ಕೂ ಒಂದು ದೊಡ್ಡ ಚಮಚ ಹಿಂಡಿಯಲ್ಲಿ ಸುಮಾರು 80 ಕ್ಯಾಲೊರಿ ಇರುತ್ತದೆ. ಕಚೇರಿಯಲ್ಲಿ ನಾಲ್ಕು ಸಲ ಬರುವ ಸಕ್ಕರೆಯ ಚಹಾವನ್ನಂತೂ ಬಹಳ ಮಂದಿ ಬರೆಯುವುದೇ ಇಲ್ಲ.

ಇದನ್ನು ಕಳ್ಳತನವೆಂದು ಯಾರೂ ತಿಳಿಯಬಾರದು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯದು’ ಎನ್ನುತ್ತಿದ್ದ ಕೆಲವರನ್ನು ಪರೀಕ್ಷಿಸಿದರು. ಗುರುತು ಹಾಕಿದ ಪರಮಾಣುಗಳುಳ್ಳ ನೀರನ್ನು ಕುಡಿಸಿ, ಅವು ದೇಹದಿಂದ ಹೊರಬೀಳುವ ವೇಗವನ್ನು ನೋಡಿ, ನಿಜವಾದ ಖರ್ಚನ್ನು ಕಂಡುಹಿಡಿಯುವ ವಿಧಾನವೊಂದಿದೆ. ಆ ವಿಧಾನದಿಂದ ತಿಳಿದದ್ದೇನೆಂದರೆ, ಅವರು ತಿಂದದ್ದಕ್ಕಿಂತ ಸರಾಸರಿ ನೂರಕ್ಕೆ 47 ಭಾಗ ಕಡಿಮೆ ಬರೆದಿದ್ದರು. ದೇಹಶ್ರಮವನ್ನು ನೂರಕ್ಕೆ 51 ಭಾಗ ಹೆಚ್ಚು ಬರೆದಿದ್ದರು. ಅವರ ಮೂಲ ಖರ್ಚಿನಲ್ಲಿ ಯಾವ ದೋಷವೂ ಇರಲಿಲ್ಲ. ತಿಂದದ್ದನ್ನು ಕಡಿಮೆ ನೆನಪಿಟ್ಟುಕೊಳ್ಳುವುದು ಮನುಷ್ಯ ಸ್ವಭಾವ.

ಪ್ರತಿದಿನವೂ ಇಂದಿನಂತೆಯೇ

ಭವಿಷ್ಯದ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಅದರ ಮೊದಲ ಭಾಗ. ಪುಣೆಯಿಂದ ಸೊಲ್ಲಾಪುರದ ಮೇಲೆ ಕಲಬುರಗಿಗೆ ಹೋಗುವ ರಾತ್ರಿಯ ಬಸ್ಸು ಬಯಲು ರಸ್ತೆಯಲ್ಲಿ ಹತ್ತು ನಿಮಿಷ ಓಡಿದ ವೇಗವನ್ನೇ ಹಿಡಿದು, ಊರು ಮುಟ್ಟುವ ಹೊತ್ತನ್ನು ಹೇಳಿದರೆ ಯಾರು ನಂಬುತ್ತಾರೆ? ಹಾಗೆಯೇ ಯಾರ ಊಟವೂ ಪ್ರತಿದಿನ ಒಂದೇ ಅಲ್ಲ. ಶ್ರಾವಣ ಸೋಮವಾರದ ಒಪ್ಪತ್ತಿನ ದಿನ ಮೊಬೈಲು ನೋಡಿದರೆ ಐದು ವಾರದಲ್ಲಿ ನಾವು ಕಡ್ಡಿಯಾಗುತ್ತೇವೆ. ಹೋಳಿಗೆಯ ದಿನ ನೋಡಿದರೆ ಡೊಳ್ಳಾಗುತ್ತೇವೆ.

ಗೆಳೆಯರೊಡನೆ ಕುಳಿತು ಅವರ ವಾರವನ್ನು ಲೆಕ್ಕ ಹಾಕಿದೆವು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 500ರ ಕೊರತೆ ನಿಜವೆಂದೇ ಇಟ್ಟುಕೊಳ್ಳೋಣ, ಒಟ್ಟು 2500. ಶನಿವಾರ ಗೆಳೆಯರೊಡನೆ ಮಿಸಳ್, ಭಾನುವಾರ ಕೋಣೆಯಲ್ಲಿ ಮಟನ್ ಸಾರು. ಈ ಎರಡು ದಿನ ಅವರು ಏನನ್ನೂ ಬರೆದಿರಲಿಲ್ಲ. ದಿನಕ್ಕೆ 700ರಂತೆ ಹೆಚ್ಚು ಉಂಡರೆಂದರೆ 1400 ಮತ್ತೆ ಜಮೆಯಾಯಿತು. ವಾರದ ಕೊನೆಗೆ ಉಳಿದ ಕೊರತೆ 1100. ಐದು ವಾರಕ್ಕೆ 5500. ಅಂದರೆ 700 ಗ್ರಾಂ! ತಕ್ಕಡಿ ತೋರಿಸಿದ್ದೂ ಅಷ್ಟೇ. ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಬೇರಾವ ಕಾರಣವಿಲ್ಲದಿದ್ದರೂ ಇದೊಂದೇ ಸಾಕಾಗುತ್ತಿತ್ತು. ಐದು ದಿನದ ಸಂಯಮವನ್ನು ಎರಡು ದಿನ ಅರ್ಧಕ್ಕಿಂತ ಹೆಚ್ಚು ನುಂಗಬಲ್ಲವು.

ದೇಹವೂ ಒಂದು ಸಂಸಾರ

ದೂರದ ಭವಿಷ್ಯದಲ್ಲಿ ಇನ್ನೊಂದು ತೊಡಕಿದೆ. ದಿನಕ್ಕೆ 500ರ ಕೊರತೆ ಎಂದೆಂದಿಗೂ ಹಾಗೆಯೇ ಇದ್ದರೆ ವರ್ಷಕ್ಕೆ 23.7 ಕಿಲೋ, ಮೂರು ವರ್ಷಕ್ಕೆ 71 ಕಿಲೋ ಇಳಿಯಬೇಕು. ಆಗ 78 ಕಿಲೋದ ನಮ್ಮ ಗೆಳೆಯರಲ್ಲಿ ಉಳಿಯುವುದು ಏಳು ಕಿಲೋ! ನೇರ ಗೆರೆಯ ಲೆಕ್ಕ ಎಲ್ಲೋ ಮುರಿಯಲೇಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಪರಸ್ಥಳದಲ್ಲಿ ದುಡಿಯುವ ನಮಗೆ ಗೊತ್ತಿದೆ: ಸಂಬಳ ಕಡಿಮೆಯಾದರೆ ಸಂಸಾರ ಖರ್ಚನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ದೇಹವೂ ಹಾಗೆಯೇ. ತೂಕ ಇಳಿದಂತೆ ಹೊರಬೇಕಾದ ಭಾರ ಕಡಿಮೆ; ಅದಕ್ಕೆ ಬೇಕಾದ ಖರ್ಚೂ ಕಡಿಮೆ. ಅದರ ಮೇಲೆ ದೇಹ ಇನ್ನಷ್ಟು ಬಿಗಿಹಿಡಿಯುತ್ತದೆ. 1944 ಮತ್ತು 1945ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಮೂಲ ಖರ್ಚು ಸುಮಾರು ನೂರಕ್ಕೆ 40 ಭಾಗ ಇಳಿಯಿತು. ಅವರಿಗೆ ಸದಾ ಚಳಿ, ಸದಾ ಆಯಾಸ, ಸದಾ ಊಟದ್ದೇ ಧ್ಯಾನ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು ಈ ಬದಲಾವಣೆಗಳನ್ನೆಲ್ಲ ಸೇರಿಸಿ ಹೊಸ ಲೆಕ್ಕ ಮಾಡಿದರು. ಅವರ ಸ್ಥೂಲ ಸೂತ್ರ ಹೀಗಿದೆ: ದಿನದ ಊಟದಲ್ಲಿ ಶಾಶ್ವತವಾಗಿ ಕಡಿಮೆ ಮಾಡಿದ ಪ್ರತಿ 24 ಕ್ಯಾಲೊರಿಗೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ; ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ, ಬಹುಪಾಲು ಪೂರ್ತಿಯಾಗಲು ಮೂರು ವರ್ಷ ಬೇಕು. ಇದರಂತೆ 500 ಕಡಿಮೆ ಮಾಡಿದವರು ಒಂದು ವರ್ಷದಲ್ಲಿ ಇಳಿಯುವುದು ಹತ್ತು ಕಿಲೋದ ಆಸುಪಾಸು, 23.7 ಅಲ್ಲ. ಈ ಸೂತ್ರವೂ ಸರಾಸರಿ ಮನುಷ್ಯನದೇ. ಆದರೆ ಇದರಲ್ಲಿ ಒಂದು ಸಮಾಧಾನವಿದೆ. ದಿನಕ್ಕೆ 100 ಕ್ಯಾಲೊರಿ, ಅಂದರೆ ಒಂದು ತೆಳು ರೊಟ್ಟಿಗಿಂತ ಕಡಿಮೆ, ಅದನ್ನು ಬಿಟ್ಟು ಬಿಟ್ಟಂತೆಯೇ ಉಳಿದರೆ ವರ್ಷಕ್ಕೆ ಸುಮಾರು ಎರಡು ಕಿಲೋ, ಕೊನೆಗೆ ನಾಲ್ಕು ಕಿಲೋ. ಅವಸರಕ್ಕಿಂತ ಬಾಳಿಕೆಗೆ ಬೆಲೆ ಹೆಚ್ಚು.

ತಕ್ಕಡಿಯ ಚೇಷ್ಟೆ

ಇಷ್ಟಾದರೂ ತಕ್ಕಡಿಯಾದರೂ ಸತ್ಯವನ್ನೇ ಹೇಳುತ್ತದೆಯೇ? ಅದು ತೂಕದ ಮಟ್ಟಿಗೆ ಸತ್ಯ, ಕೊಬ್ಬಿನ ಮಟ್ಟಿಗೆ ಅರ್ಧಸತ್ಯ. ಒಂದು ಲೀಟರ್ ನೀರು ಕುಡಿದು ನಿಂತರೆ ಒಂದು ಕಿಲೋ ಹೆಚ್ಚು. ಉಪ್ಪಿನಕಾಯಿ ಹಪ್ಪಳ ಹೆಚ್ಚು ತಿಂದ ಮರುದಿನ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರದಲ್ಲಿ ಯಕೃತ್ತು ಮತ್ತು ಮಾಂಸಖಂಡಗಳಲ್ಲಿರುವ ಪಿಷ್ಟದ ಸಂಗ್ರಹ ಕರಗುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಹೊರಡುತ್ತದೆ. ಅದಕ್ಕಾಗಿಯೇ ಮೊದಲ ವಾರ ತೂಕ ಭರ್ರನೆ ಇಳಿದು ಆಸೆ ಹುಟ್ಟಿಸುತ್ತದೆ. ಮೂರನೆಯ ವಾರ ನಿಂತುಬಿಟ್ಟು ನಿರಾಶೆ ತರುತ್ತದೆ. ಎರಡೂ ಹುರುಳಿಲ್ಲದ ಭಾವನೆಗಳು. ನಮ್ಮ ಗೆಳೆಯರು ಮೊದಲ ಸಲ ತೂಗಿದ್ದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ಕೊನೆಯ ಸಲ ತೂಗಿದ್ದು ಸಂಜೆ, ಔಷಧದ ಅಂಗಡಿಯ ತಕ್ಕಡಿಯಲ್ಲಿ, ಬೂಟು ಸಮೇತ. ನಿಜವಾಗಿ ಅವರು 700 ಗ್ರಾಮಿಗಿಂತ ಹೆಚ್ಚೇ ಇಳಿದಿರಬಹುದು!

ಹಾಗಾದರೆ ಏನು ಮಾಡಬೇಕು?

ಆ್ಯಪನ್ನು ಎಸೆಯಬೇಕಾಗಿಲ್ಲ. ಅದರ ಲೆಕ್ಕದ ಪುಸ್ತಕ ಒಳ್ಳೆಯದು. ಬರೆಯುವವನಿಗೆ ತಾನು ಏನು ತಿನ್ನುತ್ತೇನೆಂಬ ಎಚ್ಚರ ಹುಟ್ಟುತ್ತದೆ. ಬಿಡಬೇಕಾದದ್ದು ಅದರ ಭವಿಷ್ಯವಾಣಿಯನ್ನು ಮಾತ್ರ. ಅದರ ಬದಲು ನಮ್ಮ ದೇಹದಿಂದಲೇ ಲೆಕ್ಕವನ್ನು ತಿದ್ದಿಕೊಳ್ಳಬಹುದು. ಕ್ರಮ ಹೀಗೆ:

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಚಹಾಕ್ಕೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಏಳು ದಿನದ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ. ಅದೇ ಆ ವಾರದ ತೂಕ. ಒಂದೊಂದು ದಿನದ ಅಂಕಿಯನ್ನು ಲಕ್ಷಿಸಬೇಡಿ. ಮೊದಲ ವಾರವನ್ನು ನೀರಿನ ವಾರವೆಂದು ಬಿಟ್ಟುಬಿಡಿ. ಎರಡನೆಯ ವಾರದ ಸರಾಸರಿಯನ್ನೂ ಅಲ್ಲಿಂದ ಐದು ವಾರಗಳ ನಂತರದ, ಅಂದರೆ ಏಳನೆಯ ವಾರದ ಸರಾಸರಿಯನ್ನೂ ಹೋಲಿಸಿ. ಎಷ್ಟು ಕಿಲೋ ಇಳಿಯಿತೋ ಅದನ್ನು 220ರಿಂದ ಗುಣಿಸಿ. 7700ನ್ನು 35 ದಿನಗಳಿಂದ ಭಾಗಿಸಿದರೆ ಬರುವ ಅಂಕಿ ಅದು. ಬಂದ ಉತ್ತರವೇ, ಸ್ಥೂಲವಾಗಿ, ನಿಮ್ಮ ದಿನದ ನಿಜವಾದ ಕೊರತೆ. ಗೆಳೆಯರ ವಿಷಯದಲ್ಲಿ 0.7ನ್ನು 220ರಿಂದ ಗುಣಿಸಿದರೆ 154. ಮೊಬೈಲು 500 ಎಂದಿತ್ತು. ನಡುವೆ ಕಾಣೆಯಾದ 346 ಎಣ್ಣೆಯಲ್ಲಿ ಹೋಯಿತೋ, ಭಾನುವಾರದಲ್ಲಿ ಹೋಯಿತೋ, ಸೂತ್ರದಲ್ಲಿ ಹೋಯಿತೋ, ಅದನ್ನು ಪೂರ್ತಿ ಪತ್ತೆಹಚ್ಚುವ ಅಗತ್ಯವಿಲ್ಲ. ಬರೆಯುವ ರೀತಿಯನ್ನು ಬದಲಿಸದೆ, ಇನ್ನೂ ಇಳಿಸಬೇಕೆಂದರೆ ನೂರು ನೂರೈವತ್ತು ಕಡಿಮೆ ಮಾಡಿ, ಮತ್ತೆ ಐದು ವಾರ ನೋಡಿದರಾಯಿತು. ದಿನವೂ ಒಂದೇ ಬಗೆಯಲ್ಲಿ ತಪ್ಪುವ ಲೆಕ್ಕವನ್ನು ತಿದ್ದಿಕೊಳ್ಳಬಹುದು. ದಿನಕ್ಕೊಂದು ಬಗೆಯಲ್ಲಿ ತಪ್ಪುವುದನ್ನು ತಿದ್ದಲಾಗದು. ಆದುದರಿಂದ ಶನಿವಾರ ಭಾನುವಾರಗಳನ್ನೂ ಬರೆಯಿರಿ.

ಮನೆಯಲ್ಲಿ ತಕ್ಕಡಿ ಇಲ್ಲದವರು ಟೇಪಿನಿಂದ ಸೊಂಟದ ಸುತ್ತಳತೆ ನೋಡಿಕೊಳ್ಳಬಹುದು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಎಚ್ಚರಿಕೆಯ ಗೆರೆ. ಹೊಟ್ಟೆಯ ಕೊಬ್ಬಿನ ಸುದ್ದಿಯನ್ನು ಟೇಪು ತಕ್ಕಡಿಗಿಂತ ಚೆನ್ನಾಗಿ ಹೇಳುತ್ತದೆ.

ಯಾರು ಈ ಲೆಕ್ಕಕ್ಕೆ ಕೈಹಾಕಬಾರದು?

ನಮ್ಮ ವಾಚನಾಲಯಕ್ಕೆ ಕಟ್ಟಡದ ಕೆಲಸಕ್ಕೆಂದು ಯಾದಗಿರಿ, ಕಲಬುರಗಿಗಳಿಂದ ಬಂದವರೂ ಬರುತ್ತಾರೆ. 2020ರ ರಾಷ್ಟ್ರೀಯ ಶಿಫಾರಸಿನಂತೆ 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡಿದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಭಾರೀ ದೈಹಿಕ ದುಡಿಮೆಗೆ 3470 ಬೇಕು. ಸಿಮೆಂಟು ಹೊರುವ ತಮ್ಮಂದಿರು ಗುಮಾಸ್ತರ ಮೊಬೈಲನ್ನು ನೋಡಿ ರಾತ್ರಿಯ ಊಟ ಬಿಟ್ಟರೆ ಸಾರುವೆಯ ಮೇಲೆ ತಲೆ ತಿರುಗೀತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ತಟ್ಟನೆ ಕಡಿಮೆ ಮಾಡಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಇದರ ಗೊಡವೆಗೇ ಹೋಗಬಾರದು. ಭವಿಷ್ಯ ಹೇಳಿದ ದಿನದೊಳಗೆ ಆ ಅಂಕಿಯನ್ನು ಮುಟ್ಟಲೇಬೇಕೆಂದು ಉಪವಾಸ ಬೀಳುವುದಂತೂ ಯಾರಿಗೂ ಸಲ್ಲದು.

ಈಗ ಗೆಳೆಯರು ಕೈಬಿಟ್ಟ ನಡಿಗೆಯ ಮಾತು. ನಮ್ಮ ದೇಶದಲ್ಲೇ, ಚೆನ್ನೈಯ ಡಾ. ರಾಮಚಂದ್ರನ್ ಅವರ ನೇತೃತ್ವದಲ್ಲಿ, ಸಕ್ಕರೆ ಅಂಚಿನಲ್ಲಿದ್ದ 531 ಮಂದಿಯ ಮೇಲೆ ಒಂದು ಅಧ್ಯಯನ ನಡೆಯಿತು, 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ದಿನವೂ ನಡೆದು, ಊಟವನ್ನು ತಿದ್ದಿಕೊಂಡವರಲ್ಲಿ ಬಂದದ್ದು 39 ಮಂದಿಗೆ. ಇದರಲ್ಲಿ ಗಮನಿಸಬೇಕಾದ ಸಂಗತಿ ಯಾವುದೆಂದರೆ, ಹೀಗೆ ಕಾಯಿಲೆಯಿಂದ ತಪ್ಪಿಸಿಕೊಂಡ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ತಕ್ಕಡಿಯ ಮುಳ್ಳು ಅಲುಗದಿದ್ದರೂ ನಡಿಗೆ ಒಳಗೊಳಗೇ ತನ್ನ ಕೆಲಸ ಮಾಡುತ್ತಿತ್ತು.

ಈ ಮಾತನ್ನು ಗೆಳೆಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಆ ಐದು ವಾರ ಸುಮ್ಮನ ಹೋಗಿಲ್ಲೇನ್ರಿ?” ಎಂದು ಕೇಳಿದರು. ಖಂಡಿತ ಹೋಗಿಲ್ಲ ಎಂದೆವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದು ಮೊಬೈಲಿನ ತಪ್ಪು; ಕುಲಾವಿ ದೊಡ್ಡದಾಯಿತೆಂದು ಕೂಸನ್ನು ಬಯ್ಯುವುದು ನಮ್ಮ ತಪ್ಪು. ಈಗ ಅವರು ಮತ್ತೆ ಸಂಜೆ ದತ್ತ ಮಂದಿರ ಚೌಕದ ಕಡೆ ನಡೆದು, ಆಮೇಲೆ ಪತ್ರಿಕೆ ಓದಲು ಬರುತ್ತಿದ್ದಾರೆ. ಅವರೊಡನೆ ನಡೆಯಲು ಇಚ್ಛೆಯುಳ್ಳವರು ಏಳು ಗಂಟೆಗೆ ವಾಚನಾಲಯದ ಬಾಗಿಲಲ್ಲಿ ಸೇರಬಹುದು.